ದರ್ಜಿಯ ಪರ ನಾನು ಹೇಳದ ಸಾಕ್ಷಿ

ಕಳೆದ ತಿಂಗಳು ಆಮ್‌ಸ್ಟರ್‌ಡ್ಯಾಮಿನಲ್ಲಿ, ಆಫೀಸಿನಿಂದ ಮನೆಗೆ ಬರುವ ದಾರಿಯಲ್ಲಿರುವ ಟರ್ಕಿಯವರ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಕಾಲಿಗೆ ಒಂದು ಚೀಲ ತಗುಲಿತು. ಬಾಯಿ ಮಡಚಿಟ್ಟಿದ್ದ ಆ ಚೀಲದ ತುಂಬ ಒಣಗಿದ ಕಪ್ಪು ನಿಂಬೆಹಣ್ಣುಗಳು. ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ಒಳಗೇನೂ ಇಲ್ಲವೆನ್ನುವಷ್ಟು ಹಗುರ. ಹುಳಿ, ಹೊಗೆ, ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ... ಅಲ್ಲೇ ನಿಂತುಬಿಟ್ಟೆ. ಹಿಂದಿದ್ದ ಹೆಂಗಸು ದಾರಿ ಬಿಡಿ ಎಂದು ಎರಡು ಸಲ ಹೇಳಬೇಕಾಯಿತು.

ಇರಾಕಿನವರು ಇದನ್ನು ಒಡೆದು, ಬೀಜ ತೆಗೆದು, ನೀರಿನಲ್ಲಿ ಕುದಿಸಿ ಚಹಾ ಮಾಡುತ್ತಾರೆ. ಬೀಜ ಉಳಿದರೆ ಕಹಿಯಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಟಿಲ್‌ಬರ್ಗಿನಲ್ಲಿದ್ದ ಒಬ್ಬ ದರ್ಜಿ, ಬಾಗ್ದಾದಿನವರು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆ ಹೆಸರು ಅವರಿಗೆ ಏನು ಮಾಡಿತೆಂದು ಕೇಳಿದ ಮೇಲೆ ಅದನ್ನು ನಾನು ಬಾಯಿಬಿಟ್ಟು ಹೇಳಿದ್ದೇ ಇಲ್ಲ.

ಆಗ ನಾನು ಟಿಲ್‌ಬರ್ಗಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ರಾಯಚೂರಿನ ಬಿಸಿಲಿನಲ್ಲಿ ಬೆಳೆದವಳು. ಮೊದಲ ಚಳಿಗಾಲಕ್ಕೆ ಹೆದರಿ ಹಳೆಬಟ್ಟೆ ಅಂಗಡಿಯಿಂದ ಒಂದು ಕೋಟು ತಂದಿದ್ದೆ. ತೋಳು ಬೆರಳು ದಾಟಿ ಇಳಿಯುತ್ತಿತ್ತು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಟ್ಟೆ ರಿಪೇರಿ ಎಂದು ಬೋರ್ಡು ಹಾಕಿದ್ದ ಸಣ್ಣ ಅಂಗಡಿ ಕಂಡಿತು. ಒಳಗೆ ಬಿಳಿ ಮೀಸೆಯ, ಕೊರಳಿಗೆ ಟೇಪು ಹಾಕಿಕೊಂಡ ತೆಳ್ಳನೆಯ ಮನುಷ್ಯ. ಕೋಟಿನ ತೋಳು ಮಡಚಿ ಪಿನ್ನು ಚುಚ್ಚಿದರು. ನಂತರ ಒಂದು ಚೀಟಿಯಲ್ಲಿ ಪುಟ್ಟ ಕೋಟಿನ ಚಿತ್ರ ಬರೆದು, ಪಕ್ಕದಲ್ಲಿ 'ನೀಲಿ, ಗುರುವಾರ' ಎಂದು ಡಚ್ಚಿನಲ್ಲಿ ಗೀಚಿ ಕೊಟ್ಟರು.

ನನ್ನ ಹೆಸರು ಬರೆದುಕೊಳ್ಳುವುದಿಲ್ಲವೇ ಎಂದು ಕೇಳಿದೆ. ಬೇಡ, ಕೋಟು ನೆನಪಿರುತ್ತದೆ ಎಂದರು.

ಅವರು ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಅಂಗಡಿಯ ಗೋಡೆಯ ಮೇಲೆ ಅಂಥ ಚೀಟಿಗಳ ಸಾಲೇ ಇತ್ತು, ಪ್ಯಾಂಟು, ಲಂಗ, ಜಾಕೆಟ್ಟಿನ ಚಿತ್ರಗಳು. ನಮ್ಮ ಕನ್ನಡದವರ ಗೆಟ್‌ಟುಗೆದರುಗಳಲ್ಲಿ ಹೊಸಬರು ಬಂದರೆ ಮೊದಲು ಊರು, ಆಮೇಲೆ ಸರ್‌ನೇಮು, ಆಮೇಲೆ ಮನೆಯಲ್ಲಿ ವೆಜ್ಜಾ ನಾನ್‌ವೆಜ್ಜಾ ಎಂದು ಸುತ್ತುಬಳಸಿ ಕೇಳುವುದು ನನಗೆ ರೂಢಿಯಾಗಿತ್ತು. ಹೆಸರೇ ಬೇಡವೆನ್ನುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಗುರುವಾರ ಹೋದಾಗ ಅಂಗಡಿಯ ಹಿಂದಿನ ಕೋಣೆಯಿಂದ ಅವರ ಹೆಂಡತಿ ಇಣುಕಿದರು. ದುಂಡು ಮುಖ, ಕೈಯಲ್ಲಿ ಚಹಾದ ಲೋಟ. ಎಲ್ಲಿಯವಳು ಎಂದು ಕೇಳಿ, ಇಂಡಿಯಾ ಎಂದಾಗ ಕೂರಿಸಿಯೇಬಿಟ್ಟರು. ಅವರಿಬ್ಬರದೂ ಮುರುಕು ಡಚ್ಚು, ನನ್ನದೂ ಮುರುಕು ಡಚ್ಚು. ಮಾತು ನಿಂತಲ್ಲೆಲ್ಲ ಯಾವುದೋ ಶಬ್ದ ಸಹಾಯಕ್ಕೆ ಬರುತ್ತಿತ್ತು. ಸಾಬೂನು, ಖಾಲಿ, ವಕೀಲ, ಕಾನೂನು... ಇವೆಲ್ಲ ಅವರ ಮಾತಿನಲ್ಲೂ ಇದ್ದವು, ನಮ್ಮ ಮಾತಿನಲ್ಲೂ ಇದ್ದವು. ಒಂದು ದಿನ ನಾನು 'ತಕರಾರು' ಎಂದೆ. ಅರಬ್ಬಿಯಲ್ಲಿ ಹಾಗೆಂದರೆ ಮಾಡಿದ್ದನ್ನೇ ಮತ್ತೆ ಮಾಡುವುದು ಎಂದರು ದರ್ಜಿ. ನಮ್ಮಲ್ಲಿ ಜಗಳ ಎಂದೆ. ಹಾಗಾದರೆ ಎರಡೂ ಒಂದೇ ಎಂದರು.

ನಾನು ಅವರನ್ನು ಊರಿನ ರೂಢಿಯಂತೆ ಚಾಚಾ ಎಂದೆ, ಆಕೆಯನ್ನು ಖಾಲಾ ಎಂದೆ. ಖಾಲಾ ಎಂಬುದು ಅವರಲ್ಲೂ ಚಿಕ್ಕಮ್ಮನೇ. ಚಾಚಾ ಎನ್ನುವುದು ಮಾತ್ರ ದರ್ಜಿಗೆ ಕುಣಿತದ ಹೆಸರಿನಂತೆ ಕೇಳುತ್ತಿತ್ತಂತೆ. ಆದರೂ ಓಗೊಡುತ್ತಿದ್ದರು.

ಖಾಲಾ ಶಿಯಾ ಎಂದು ನನಗೆ ತಿಳಿದದ್ದು ಮೊಹರಂ ತಿಂಗಳಲ್ಲಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಪ್ಪು ಬಟ್ಟೆ ಉಟ್ಟು ಕೂತಿದ್ದರು. ನಮ್ಮೂರಲ್ಲೂ ಅಲಾಯಿ ದೇವರು ಕೂರಿಸುತ್ತಾರೆ, ಹಿಂದೂಗಳೂ ಹರಕೆ ಹೊರುತ್ತಾರೆ, ಬೆಂಕಿಕುಣಿಯ ಸುತ್ತ ಕುಣಿಯುತ್ತಾರೆ, ಅವ್ವ ಬೆಲ್ಲದ ಚೊಂಗೆ ಮಾಡಿ ಒಯ್ಯುತ್ತಾಳೆ ಎಂದು ನನಗೆ ಬಂದ ಡಚ್ಚಿನಲ್ಲಿ ಹೇಳಿದೆ. ಫೋನಿನಲ್ಲಿ ಆ ದೇವರ ಪಂಜಾದ, ಲೋಹದ ಹಸ್ತದ, ಫೋಟೋ ತೋರಿಸಿದೆ. ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಗಂಡನನ್ನು ಕೂಗಿ ಅರಬ್ಬಿಯಲ್ಲಿ ಏನೋ ಹೇಳಿದರು. ದರ್ಜಿ ಬಂದು ನೋಡಿ ನನಗೆ ಹೇಳಿದರು, "ಅವಳ ಹುಸೇನ್ ನಿಮ್ಮೂರಿಗೆ ಹೋಗಿ ಸುಖವಾಗಿದ್ದಾನೆ ಅಂತಾಳೆ. ನಮ್ಮ ಬೀದಿಯಲ್ಲಿ ಅವನಿಗೂ ಜಾಗ ಇರಲಿಲ್ಲ, ನನಗೂ ಇರಲಿಲ್ಲ."

ದರ್ಜಿ ಸುನ್ನಿ. ಅವರ ಹೆಸರು ಸುನ್ನಿಗಳಷ್ಟೇ ಇಡುವ ಹೆಸರು.

ಅವರ ಕತೆ ನನಗೆ ಒಂದೇ ದಿನ ಸಿಕ್ಕಿದ್ದಲ್ಲ. ಒಂದು ಚಳಿಗಾಲ, ಒಂದು ಬೇಸಿಗೆ, ಮತ್ತೆ ಅರ್ಧ ಚಳಿಗಾಲ. ಕಾಜಾ ಹಾಕುತ್ತ, ಪಿನ್ನು ಬಾಯಲ್ಲಿಟ್ಟುಕೊಂಡು, ತುಂಡುತುಂಡಾಗಿ ಹೇಳಿದ್ದು. ಬಾಗ್ದಾದಿನಲ್ಲಿ ಅವರದು ಸೂಟು ಹೊಲಿಯುವ ಅಂಗಡಿ. ಬೀದಿಯಲ್ಲಿ ಎರಡೂ ಪಂಗಡದ ಮನೆಗಳು. ಇವರ ಮದುವೆಯಾದಾಗ ಯಾರು ಯಾವ ಪಂಗಡ ಎಂದು ಕೇಳಿದವರು ಒಬ್ಬಿಬ್ಬರು ಮುದುಕರು ಮಾತ್ರ. ಮಕ್ಕಳಾಗಲಿಲ್ಲ. ಖಾಲಾಳ ಅಣ್ಣನ ಮಗನನ್ನೇ ಎತ್ತಿ ಆಡಿಸಿದರು. ಅವನ ಮೊದಲ ಸೂಟು ಹೊಲಿದವರೂ ದರ್ಜಿಯೇ.

ಆಮೇಲೆ ಹೊರಗಿನ ಸೈನ್ಯ ಬಂತು, ಸರ್ಕಾರ ಉರುಳಿತು. ಅವತ್ತು ಟೀವಿ ಮುಂದೆ ಕೂತು ಗಂಡಹೆಂಡತಿ ಇಬ್ಬರೂ ಅತ್ತರಂತೆ. ಆ ಸರ್ಕಾರ ಖಾಲಾಳ ಇಬ್ಬರು ಸೋದರಮಾವಂದಿರನ್ನು ಹಿಡಿದುಕೊಂಡು ಹೋಗಿ ವಾಪಸು ಕಳಿಸಿರಲಿಲ್ಲ. ಆಕೆ ಅತ್ತದ್ದು ಸಂತೋಷಕ್ಕೆ. ದರ್ಜಿ ಅತ್ತದ್ದು ಮುಂದೇನೋ ಎಂಬ ಭಯಕ್ಕೆ. ಇಬ್ಬರೂ ಒಂದೇ ಟವೆಲಿನಲ್ಲಿ ಕಣ್ಣೊರೆಸಿಕೊಂಡೆವು ಎಂದು ಆಕೆ ನಕ್ಕು ಹೇಳಿದ್ದರು.

ಎರಡು ಮೂರು ವರ್ಷ ಹೇಗೋ ನಡೆಯಿತು. ಒಂದು ಪಂಗಡದ ಮಸೀದಿಗೆ ಬಾಂಬು ಬಿದ್ದರೆ ಇನ್ನೊಂದು ಪಂಗಡದ ಬೀದಿಯಲ್ಲಿ ಹೆಣ ಬೀಳುವುದು ಶುರುವಾಯಿತು. ದಾರಿಯಲ್ಲಿ ಕಾರು ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಿದ್ದರು. ಮುಖ ನೋಡುತ್ತಿರಲಿಲ್ಲ, ಹೆಸರು ಓದುತ್ತಿದ್ದರು. ದರ್ಜಿಯ ಜೊತೆ ಕೆಲಸ ಮಾಡುತ್ತಿದ್ದ, ಅದೇ ಹೆಸರಿನ ಇನ್ನೊಬ್ಬ ಕಟಿಂಗ್ ಮಾಸ್ತರ ಬಟನ್ ತರಲು ಹೋದವನು ಬರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲ ಸಂದಿಯಲ್ಲಿ ಲಕೋಟೆ. ಒಳಗೆ ಒಂದು ಗುಂಡು. ಕಾಗದ ಇರಲಿಲ್ಲ.

ಖಾಲಾಳ ಅಣ್ಣ ಬಂದ. ಒಳ್ಳೆಯ ಮನುಷ್ಯ ಎಂದು ದರ್ಜಿ ಪ್ರತಿ ಸಲವೂ ಹೇಳುತ್ತಿದ್ದರು. ತಲಾಖ್ ಕೊಟ್ಟುಬಿಡು, ಕಾಗದದ ಮೇಲಷ್ಟೇ, ಆಗ ನನ್ನ ತಂಗಿಯನ್ನು ನಮ್ಮ ಮೊಹಲ್ಲಾದಲ್ಲಿ ಇಟ್ಟುಕೊಳ್ಳಬಹುದು, ಸುನ್ನಿಯ ಹೆಂಡತಿ ಎಂದು ಯಾರೂ ಮುಟ್ಟುವುದಿಲ್ಲ, ನೀನು ಜೋರ್ಡಾನಿಗೆ ಹೋಗು, ಗಲಾಟೆ ತಣ್ಣಗಾದ ಮೇಲೆ ಕೂಡಿಕೊಳ್ಳಿ ಎಂದ. ಕೋರ್ಟಿಗೆ ಹೋಗಿ ಕಾಗದ ಮಾಡಿಸಿದರು. ಆ ಅಣ್ಣನೇ ದರ್ಜಿಯನ್ನು ತನ್ನ ಕಾರಿನ ಡಿಕ್ಕಿಯಲ್ಲಿ ಮಲಗಿಸಿ ಬಸ್ಸಿನವರೆಗೆ ಬಿಟ್ಟು ಬಂದ. ಮರುವರ್ಷ ತರಕಾರಿ ಮಾರ್ಕೆಟ್ಟಿನಲ್ಲಿ ಬಾಂಬು ಸಿಡಿದು ಅವನು ಸತ್ತ. ಇಟ್ಟವರು ಸುನ್ನಿಗಳು.

ಇಷ್ಟು ಹೇಳಿ ದರ್ಜಿ ಸೂಜಿಗೆ ದಾರ ಪೋಣಿಸಲು ಹೊರಟರು. ಎಷ್ಟು ಸಲ ಮಾಡಿದರೂ ಆಗಲಿಲ್ಲ. ನಾನೇ ಪೋಣಿಸಿಕೊಟ್ಟೆ.

ಜೋರ್ಡಾನಿನಿಂದ ಅವರು ಹೇಗೋ ಹಾಲೆಂಡಿಗೆ ಬಂದು ಆಶ್ರಯ ಪಡೆದರು. ಕೈಯಲ್ಲಿದ್ದ ಕಾಗದದ ಪ್ರಕಾರ ಇಲ್ಲಿಯವರು 'ವಿಚ್ಛೇದಿತ' ಎಂದು ಬರೆದುಕೊಂಡರು. ಎರಡು ವರ್ಷದ ಮೇಲೆ ಖಾಲಾ ತನ್ನ ಅಣ್ಣನ ಮಗನ ಜೊತೆ ಬಂದರು. ಅವನು ರಾಟರ್‌ಡ್ಯಾಮಿನ ಬಂದರಿನಲ್ಲಿ ಕಂಟೇನರು ಲಾರಿಗಳ ಲೆಕ್ಕ ನೋಡುವ ಕೆಲಸ ಹಿಡಿದ. ಆಕೆ ಟಿಲ್‌ಬರ್ಗಿಗೆ, ಗಂಡನ ಮನೆಗೆ ಬಂದುಬಿಟ್ಟರು. ಆ ತಲಾಖ್ ಆಯಿತೋ ಇಲ್ಲವೋ ಎಂಬುದೇ ಒಂದು ತಕರಾರು. ಬಲವಂತಕ್ಕೆ ಕೊಟ್ಟರೂ ಕೊಟ್ಟದ್ದೇ ಎಂದ ದರ್ಜಿಯ ಕಡೆಯ ಒಬ್ಬ ಮೌಲ್ವಿ. ಬಲವಂತದ ತಲಾಖ್ ತಲಾಖೇ ಅಲ್ಲ ಎಂದ ಖಾಲಾ ಕಡೆಯ ಮೌಲ್ವಿ. "ಅದಕ್ಕೇ ನಾನು ನನ್ನವರ ಕಾನೂನಲ್ಲಿ ಸಂಸಾರ ಮಾಡ್ತಿದೀನಿ. ಇವರನ್ನೂ ಅಲ್ಲೇ ಇಟ್ಕೊಂಡಿದೀನಿ," ಎಂದು ಖಾಲಾ ನಗುತ್ತಿದ್ದರು. ಗೆಮೆಂಟೆಗೆ, ಅಂದರೆ ಇಲ್ಲಿನ ನಗರಸಭೆಗೆ, ಹೋಗಿ ಮತ್ತೆ ಮದುವೆ ನೋಂದಾಯಿಸಿಕೊಳ್ಳಿ ಎಂದು ನಾನು ಹೇಳಿದ್ದುಂಟು. ಬಾಗ್ದಾದಿನಿಂದ ಕಾಗದಗಳು ಬರಬೇಕು, ಹಿಂದೆ ಹೇಳಿದ್ದು ಸುಳ್ಳು ಎಂದು ಇಲ್ಲಿಯ ಅಧಿಕಾರಿಗಳು ಹಿಡಿದರೆ ಎಂದು ದರ್ಜಿಗೆ ಭಯ. ಈ ವಯಸ್ಸಿನಲ್ಲಿ ಮದುವೆ ಆಫೀಸಿನಲ್ಲಿ ನಿಲ್ಲುವುದಕ್ಕೆ ಆಕೆಗೆ ನಾಚಿಕೆ. ಬರುವ ವರ್ಷ, ಬರುವ ವರ್ಷ...

ಆ ಹೊತ್ತಿಗೆ ಇರಾಕಿನಲ್ಲಿ ಮತ್ತೆ ಹೊತ್ತಿಕೊಂಡಿತ್ತು. ಕಪ್ಪು ಬಾವುಟದ ಸುನ್ನಿ ಉಗ್ರರು ಊರೂರು ಹಿಡಿಯುತ್ತಿದ್ದರು. ಶಿಯಾ ಹುಡುಗರನ್ನು ಸಾಲಾಗಿ ಕೂರಿಸಿ ಕೊಲ್ಲುವ ವಿಡಿಯೋ, ಅದಕ್ಕೆ ಸೇಡಾಗಿ ಸುನ್ನಿ ಹಳ್ಳಿಗಳನ್ನು ಸುಡುವ ವಿಡಿಯೋ, ಎರಡೂ ಇಲ್ಲಿನ ಫೋನುಗಳಲ್ಲಿ ಓಡಾಡುತ್ತಿದ್ದವು. ದರ್ಜಿಯ ಹತ್ತಿರ ಮದುವೆಗೆ ಸೂಟು ಹೊಲಿಯಲು ಕೊಟ್ಟಿದ್ದ ಒಬ್ಬ ಇರಾಕಿ ಯುವಕ ಯಾರಿಂದಲೋ ಅವರ ಹೆಸರು ತಿಳಿದುಕೊಂಡು ಬಂದು ಬಟ್ಟೆ ವಾಪಸು ಕೇಳಿದ. ನಾನು ಅಲ್ಲೇ ಕೂತಿದ್ದೆ. ದರ್ಜಿ ಅರ್ಧ ಕೂಡಿಸಿದ್ದ ಕೋಟಿನಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದರು. ಒಂದೂ ಉಳಿದಿಲ್ಲವೆಂದು ಅಂಗೈ ಸವರಿ ನೋಡಿ, ಮಡಚಿ ಕೊಟ್ಟರು. ಮನೆಯಲ್ಲಿ ಬಿಚ್ಚುವಾಗ ಅವನಿಗೆ ಚುಚ್ಚಬಾರದಲ್ಲ ಎಂದು ಆಮೇಲೆ ನನಗೆ ಹೇಳಿದರು.

ಅಣ್ಣನ ಮಗ ಎರಡು ವಾರಕ್ಕೊಮ್ಮೆ ಭಾನುವಾರ ಅತ್ತೆಯನ್ನು ನೋಡಲು ಬರುತ್ತಿದ್ದ. ಗಡ್ಡ ಬಿಟ್ಟ, ಮಾತು ಕಮ್ಮಿಯ ಆಳು. ಚಹಾ ಕುಡಿಯುತ್ತಿದ್ದ, ಊಟಕ್ಕೆ ನಿಲ್ಲುತ್ತಿರಲಿಲ್ಲ. ದರ್ಜಿ ಒಳಗೆ ಬಂದರೆ ಎದ್ದು ಜಾಕೆಟ್ಟು ಹಾಕಿಕೊಳ್ಳುತ್ತಿದ್ದ. ಅವನಿಗೆ ದರ್ಜಿಯ ಮೇಲೆ ದ್ವೇಷವಿತ್ತೇ ಎಂದರೆ... ಹೇಳಲಾರೆ. ಅಪ್ಪನನ್ನು ಕೊಂದವರ ಹೆಸರೂ ಇವರ ಹೆಸರಿನಂಥದೇ ಇದ್ದಿರಬೇಕು. ಅದನ್ನು ಮರೆಯಲು ಅವನಿಗೆ ಆಗುತ್ತಿರಲಿಲ್ಲ, ಅಷ್ಟೇ ಇರಬಹುದು.

ನನ್ನ ಮೂರನೆಯ ವರ್ಷ ಖಾಲಾಗೆ ಲಿವರಿನ ಕ್ಯಾನ್ಸರು ಎಂದರು. ಬೇಗನೆ ಇಳಿದರು. ದರ್ಜಿ ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಅಂಗಡಿ. ಅವರು ಅಂಗಡಿಯಲ್ಲಿರುವ ಹೊತ್ತಿಗೆ ನಾನು ಹೋಗಿ ಆಕೆಯ ಹತ್ತಿರ ಕೂರುತ್ತಿದ್ದೆ. ಒಂದು ದಿನ ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡು, ಡಚ್ಚಿನಲ್ಲಿ, ಮಕ್ಕಳಿಗೆ ಹೇಳುವಂತೆ ಒಂದೊಂದೇ ಶಬ್ದ ಬಿಡಿಸಿ ಹೇಳಿದರು.

"ನಾನು ಸತ್ತರೆ ನನ್ನವರು ಇರಾಕಿಗೆ, ನಜಫ್‌ಗೆ ಕಳಿಸ್ತಾರೆ. ನಮ್ಮವರಿಗೆ ಅದಕ್ಕಿಂತ ದೊಡ್ಡ ಜಾಗ ಇಲ್ಲ. ಇಮಾಮರ ನೆರಳು. ನನಗೂ ಚಿಕ್ಕಂದಿನಿಂದ ಆಸೆ ಇತ್ತು. ಆದರೆ ಅಲ್ಲಿಗೆ ಇವರು ಬರೋದಕ್ಕೆ ಆಗಲ್ಲ ಮಗಳೇ. ಇವರ ಹೆಸರು ಇಟ್ಕೊಂಡು ಆ ದಾರಿಯಲ್ಲಿ ಹೋಗೋಕೆ ಆಗಲ್ಲ. ನನಗೆ ಇಲ್ಲೇ, ಟಿಲ್‌ಬರ್ಗ್. ಇವರು ನಡ್ಕೊಂಡು ಬರೋವಷ್ಟು ಹತ್ತಿರ."

ಅರ್ಥವಾಯಿತೇ ಎಂದು ಕೇಳಿದರು. ಆಯಿತು ಎಂದೆ. ನನ್ನ ಬಾಯಲ್ಲಿ ಒಮ್ಮೆ ಹೇಳಿಸಿದರು. ಹೇಳಿದೆ. ತಪ್ಪಿಲ್ಲದೆ ಹೇಳಿದೆ.

ಆರು ದಿನಕ್ಕೆ ತೀರಿಕೊಂಡರು.

ಅಣ್ಣನ ಮಗ ರಾಟರ್‌ಡ್ಯಾಮಿನಿಂದ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ನಜಫ್‌ಗೆ ಕಳಿಸುವ ಏರ್ಪಾಡು ಆಗಲೇ ನಡೆದಿತ್ತು. ದರ್ಜಿ ಬೇಡವೆಂದರು. ಅವಳ ಇಚ್ಛೆ ಇಲ್ಲೇ ಇತ್ತು ಎಂದರು. ಹಿರಿಯರಲ್ಲಿ ಒಬ್ಬ, ನೀವು ಆಕೆಗೆ ಏನಾಗಬೇಕು ಎಂದು ಕೇಳಿದನಂತೆ. ಬಲವಂತದ ತಲಾಖ್ ತಲಾಖಲ್ಲ ಎನ್ನುವ ಪಂಗಡದವನೇ ಆತ. ಆದರೂ ಅವತ್ತು ಅವರೆಲ್ಲರಿಗೂ ಗೆಮೆಂಟೆಯ ಕಾಗದವೇ ಶಾಸ್ತ್ರವಾಯಿತು. ಕಾಗದದಲ್ಲಿ ದರ್ಜಿ ಆಕೆಯ ಯಾರೂ ಅಲ್ಲ. ಈ ದೇಶದಲ್ಲಿ ಆಕೆಗಿದ್ದ ರಕ್ತಸಂಬಂಧಿ ಅಣ್ಣನ ಮಗ ಒಬ್ಬನೇ.

ಮರುದಿನ ಮಧ್ಯಾಹ್ನ ಅಂತ್ಯಕ್ರಿಯೆಯ ವ್ಯವಸ್ಥೆ ನೋಡುವ ಡಚ್ ಹೆಂಗಸಿನ ಆಫೀಸಿನಲ್ಲಿ ಎಲ್ಲರೂ ಸೇರಬೇಕೆಂದಾಯಿತು. ದರ್ಜಿ ಬೆಳಿಗ್ಗೆ ಫೋನು ಮಾಡಿ ನನ್ನನ್ನು ಕರೆದರು. ಅವಳು ನಿನಗೂ ಹೇಳಿದ್ದಾಳಂತೆ, ಸಾಯುವ ಮುಂಚೆ ನನಗೆ ತಿಳಿಸಿದಳು, ಬಂದು ಅದನ್ನಷ್ಟು ಹೇಳು ಎಂದರು. ಬರುತ್ತೇನೆ ಎಂದೆ.

ಫೋನಿಟ್ಟ ಮೇಲೆ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಗೆಳತಿಗೆ ವಿಷಯ ಹೇಳಿದೆ. ಬೆಂಗಳೂರಿನವಳು, ಐಟಿ ಕೆಲಸ, ನನಗಿಂತ ನಾಲ್ಕು ವರ್ಷ ಮುಂಚೆ ಬಂದವಳು. ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು.

"ಸುಮ್ನೆ ಇರೇ. ಇದು ಅವ್ರವ್ರ ಮಧ್ಯದ ಸುನ್ನಿ-ಶಿಯಾ ಇಶ್ಯೂ. ನೀನ್ ಯಾವ್ ಕಡೆ ಹೇಳಿದ್ರೂ ಇನ್ನೊಂದ್ ಕಡೆಯವ್ರು ನಿನ್ನ ನೆನಪಿಟ್ಕೊಳ್ತಾರೆ. ನಾಳೆ ಪೊಲೀಸು, ಲಾಯರು ಅಂತ ಆದ್ರೆ? ನಿನ್ ರೆಸಿಡೆನ್ಸ್ ಪರ್ಮಿಟ್ ರಿನ್ಯೂವಲ್ ಬೇರೆ ಪೆಂಡಿಂಗ್ ಇದೆ. ಹೋಗು, ಕೂತ್ಕೋ, ಸಮಾಧಾನ ಹೇಳು, ಬಾ."

ಅವಳನ್ನು ದೂರಲಾರೆ. ಅವಳು ಹೇಳಿದ್ದು ನನ್ನೊಳಗೆ ಆಗಲೇ ಇತ್ತು. ಬಸ್ಸಿನಲ್ಲಿ ಕೂತು ಪರ್ಮಿಟ್ಟಿನ ಬಗ್ಗೆ ಯೋಚಿಸಿದೆ. ಯಾರೋ ಫೋಟೋ ತೆಗೆದು ಎಲ್ಲೋ ಹಾಕುತ್ತಾರೆ, ಯಾರೋ ಮನೆ ಹುಡುಕಿಕೊಂಡು ಬರುತ್ತಾರೆ ಎಂದೆಲ್ಲ ಕಲ್ಪಿಸಿಕೊಂಡೆ. ಒಬ್ಬ ಹೆಂಗಸು ತನ್ನನ್ನು ಎಲ್ಲಿ ಹೂಳಬೇಕೆಂದು ಹೇಳಿದ ಮಾತನ್ನು ಅಲ್ಲಿಗೆ ಮುಟ್ಟಿಸುವುದಕ್ಕೂ ನನ್ನ ಪರ್ಮಿಟ್ಟಿಗೂ ಯಾವ ಸಂಬಂಧವೂ ಇರಲಿಲ್ಲ. ಇದು ಆಗಲೂ ನನಗೆ ಗೊತ್ತಿತ್ತು.

ಆಫೀಸಿನಲ್ಲಿ ಉದ್ದನೆಯ ಮೇಜು, ಮಧ್ಯದಲ್ಲಿ ಟಿಶ್ಯೂ ಪೇಪರಿನ ಡಬ್ಬಿ. ಒಂದು ಕಡೆ ಅಣ್ಣನ ಮಗ ಮತ್ತು ಆ ಇಬ್ಬರು. ಇನ್ನೊಂದು ಕಡೆ ದರ್ಜಿ ಒಬ್ಬರೇ, ತಾವೇ ಹೊಲಿದ ಕಪ್ಪು ಸೂಟಿನಲ್ಲಿ. ನಾನು ಅವರ ಪಕ್ಕ ಕೂರಲಿಲ್ಲ. ಮೇಜಿನ ತುದಿಯಲ್ಲಿ, ಬಾಗಿಲ ಹತ್ತಿರ ಕೂತೆ. ಡಚ್ ಹೆಂಗಸು ಮೆಲ್ಲಗೆ, ಬಿಡಿಸಿ ಹೇಳಿದಳು. ದಾಖಲೆಯ ಪ್ರಕಾರ ಸಂಬಂಧಿ ಎಂದರೆ ಅಣ್ಣನ ಮಗ. ಆದರೆ ಈ ದೇಶದಲ್ಲಿ ಮೊದಲು ನೋಡುವುದು ಸತ್ತವರ ಇಚ್ಛೆಯನ್ನು. ಅದು ಬರಹದಲ್ಲೇ ಇರಬೇಕೆಂದಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಬಹುದು.

ದರ್ಜಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಬರಬೇಕಾದ ಬಸ್ಸು ಬಂತು ಎಂದು ನೋಡುವ ನೋಟ ಅದು.

ಹಿರಿಯನೊಬ್ಬ, ಈ ಹುಡುಗಿ ನಮ್ಮ ಧರ್ಮದವಳೇ ಅಲ್ಲ, ಇವಳ ಮಾತೇಕೆ ಎಂದ. ಅಣ್ಣನ ಮಗ ಅವನನ್ನು ಕೈಸನ್ನೆಯಲ್ಲಿ ತಡೆದ. ನೇರವಾಗಿ ನನ್ನನ್ನೇ ಕೇಳಿದ.

"ನಮ್ಮ ಅತ್ತೆ ನಿಮಗೆ ಏನಾದ್ರೂ ಹೇಳಿದ್ರಾ?"

ನಾನು ಹೇಳಿದೆ, "ಏನೋ ಹೇಳಿದ್ರು. ನನಗೆ ಡಚ್ ಅಷ್ಟು ಚೆನ್ನಾಗಿ ಬರಲ್ಲ. ಸರಿಯಾಗಿ ಅರ್ಥ ಆಗಲಿಲ್ಲ."

ಡಚ್ ಹೆಂಗಸು, ಇಂಗ್ಲಿಷಿನಲ್ಲಿ ಹೇಳುವಿರಾ ಎಂದಳು. ಅರ್ಥವೇ ಆಗಿರಲಿಲ್ಲ ಎಂದೆ. ಅಣ್ಣನ ಮಗ ಮೇಜನ್ನೇ ನೋಡುತ್ತಿದ್ದ. ದರ್ಜಿ ನನ್ನಿಂದ ಮುಖ ತಿರುಗಿಸಿ, ತೋಳಿನ ಮೇಲಿದ್ದ ಒಂದು ದಾರದ ಎಳೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. 

ಪೆಟ್ಟಿಗೆ ವಿಮಾನದಲ್ಲಿ ನಜಫ್‌ಗೆ ಹೋಯಿತು. ಅದಕ್ಕೂ ಮುಂಚೆ ಆಕೆಯ ದೇಹಕ್ಕೆ ಸ್ನಾನ ಮಾಡಿಸುವಾಗ ದರ್ಜಿ ಹೊರಗೆ ನಿಂತಿದ್ದರಂತೆ. ನಮಾಜಿನಲ್ಲಿ ಕೊನೆಯ ಸಾಲಿನಲ್ಲಿ, ಸುನ್ನಿಗಳಂತೆ ಕೈ ಕಟ್ಟದೆ, ಶಿಯಾಗಳು ಇಳಿಬಿಟ್ಟಂತೆ ಇವರೂ ಇಳಿಬಿಟ್ಟು, ಯಾರಿಗೂ ಗೊತ್ತಾಗದಂತೆ ನಿಂತಿದ್ದರಂತೆ. ಇದನ್ನು ನನಗೆ ಅವರ ಅಂಗಡಿಯ ಪಕ್ಕದ ಬೇಕರಿಯವಳು ಹೇಳಿದಳು. ನಾನು ಹೋಗಿರಲಿಲ್ಲ.

ಊರಿಗೆ ಫೋನು ಮಾಡಿದಾಗ ಅವ್ವನಿಗೆ ಎಲ್ಲ ಹೇಳಿದೆ. ಸಮಾಧಾನ ಹೇಳಲಿ ಎಂದೇ ಹೇಳಿದ್ದೆ. ಅವ್ವ ಅಂದಳು, "ಅದೇನು ನಿನ್ನ ಮಾತಲ್ಲಲ್ಲವ್ವಾ. ಆಕಿದು. ಸತ್ತಾಕಿ ಮಾತು ನೀ ಹ್ಯಾಂಗ ಇಟಗೊಂಡಿ?"

ಮೂರು ವಾರದ ಮೇಲೆ ಅಂಗಡಿಗೆ ಹೋದೆ. ದರ್ಜಿ ಎಂದಿನಂತೆ ಕೂರಿಸಿದರು. ಒಣನಿಂಬೆಯ ಚಹಾ ತಾವೇ ಮಾಡಿ ತಂದರು. ಬೀಜ ತೆಗೆದಿರಲಿಲ್ಲ, ಕಹಿಯಾಗಿತ್ತು. ಇಬ್ಬರೂ ಕುಡಿದೆವು. ಆ ವಿಷಯ ಅವರು ಎತ್ತಲಿಲ್ಲ. ಬೈದಿದ್ದರೆ ಅಳುತ್ತಿದ್ದೆನೋ ಏನೋ, ಅಳಲು ಬಿಡಲೂ ಇಲ್ಲ. ನಾನು ತಂದಿದ್ದ ಪ್ಯಾಂಟಿನ ಅಂಚು ಮಡಚಿ ಪಿನ್ನು ಚುಚ್ಚಿದರು. ಚೀಟಿ ಬರೆಯಲು ಕೂತು, ಮೊದಲ ಬಾರಿಗೆ ಕೇಳಿದರು, "ಹೆಸರು?"

ನಾನು ಹೆಸರು ಹೇಳಿದೆ, ಫೋನ್ ನಂಬರನ್ನೂ ಹೇಳಿದೆ. ಬರೆದುಕೊಂಡರು. ಪ್ಯಾಂಟಿನ ಚಿತ್ರ ಬರೆಯಲಿಲ್ಲ.

ಅದರ ಮರುವರ್ಷ ನಾನು ಸರ್ಕಾರದ ಡಚ್ ಪರೀಕ್ಷೆ ಪಾಸಾದೆ. ಯಾಕೆ ಹೋದೆನೋ, ಒಂದು ಡಬ್ಬಿ ಮಿಠಾಯಿ ತೆಗೆದುಕೊಂಡು ಅವರ ಅಂಗಡಿಗೆ ಹೋದೆ. ಪಾಸಾದದ್ದನ್ನು ಹೇಳಿದೆ. ಅವರು ಒಂದು ತುಂಡು ತೆಗೆದುಕೊಂಡರು. ನನ್ನ ತಲೆಯ ಮೇಲೆ ಕೈಯಿಟ್ಟರು. "ನಿನ್ನ ಡಚ್ ಯಾವಾಗಲೂ ಚೆನ್ನಾಗೇ ಇತ್ತು ಮಗಳೇ," ಎಂದರು.

ವ್ಯಂಗ್ಯವಾಗಿ ಹೇಳಿದರೇ, ಇಲ್ಲವೇ... ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅದೇ ಕೊನೆಯ ಭೇಟಿ. ಆಮೇಲೆ ಪಿಎಚ್‌ಡಿ ಮುಗಿಯಿತು, ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಆಮ್‌ಸ್ಟರ್‌ಡ್ಯಾಮಿಗೆ ಬಂದೆ. ಪರ್ಮಿಟ್ಟು ಯಾವ ತೊಂದರೆಯೂ ಇಲ್ಲದೆ ಎರಡು ಸಲ ರಿನ್ಯೂ ಆಯಿತು. ಈಗ ಈ ದೇಶದ ಪಾಸ್‌ಪೋರ್ಟೇ ಇದೆ.

ಈ ವರ್ಷದ ಆರಂಭದಲ್ಲಿ, ಆಫೀಸಿನಲ್ಲಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಖಾಲಾಳ ಅಣ್ಣನ ಮಗ. ಅವನ ಡಚ್ಚು ಈ ದೇಶದಲ್ಲೇ ಹುಟ್ಟಿದವರಂತಾಗಿತ್ತು. ದರ್ಜಿ ತೀರಿಕೊಂಡು ಎರಡು ತಿಂಗಳಾಯಿತು ಎಂದ. ಆಸ್ಪತ್ರೆಯಲ್ಲಿ, ಯಾರಿಗೆ ತಿಳಿಸಬೇಕು ಎಂಬ ಕಡೆ ಅವರು ಬರೆಸಿದ್ದು ಅವನ ನಂಬರನ್ನಂತೆ. ಬೇರೆ ಯಾರೂ ಇರಲಿಲ್ಲ. ಅವನೇ ಹೋಗಿ ಅವರ ಕಡೆಯ ಇಮಾಮನನ್ನು ಹುಡುಕಿ, ಟಿಲ್‌ಬರ್ಗಿನಲ್ಲೇ ಮಣ್ಣು ಮಾಡಿಸಿದ. ಅಂಗಡಿ ಖಾಲಿ ಮಾಡುವಾಗ ಹಳೆಯ ಚೀಟಿಗಳ ನಡುವೆ ನನ್ನ ಹೆಸರೂ ನಂಬರೂ ಸಿಕ್ಕಿತು.

"ಒಂದು ಕೇಳಬೇಕಿತ್ತು," ಎಂದ. "ಅತ್ತೆ ನಿಜವಾಗ್ಲೂ ನಿಮಗೆ ಏನೂ ಹೇಳಿರಲಿಲ್ವಾ?"

ನಾನು ಎದ್ದು ಮೆಟ್ಟಿಲುಗಳ ಕಡೆಗೆ ಹೋದೆ. ಆಕೆ ಹೇಳಿದ್ದನ್ನು, ಅದೇ ಡಚ್ಚಿನಲ್ಲಿ, ಅದೇ ಶಬ್ದಗಳಲ್ಲಿ ಹೇಳಿದೆ. ಇಷ್ಟು ವರ್ಷದ ಮೇಲೂ ಒಂದು ಶಬ್ದ ಮರೆತಿರಲಿಲ್ಲ.

ಅವನ ಹಿಂದೆ ಲಾರಿಗಳ ಸದ್ದು ಕೇಳಿಸುತ್ತಿತ್ತು.

"ಅವತ್ತು ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ಯಾರಿಗೆ ಹೆದರಿದ್ರಿ? ನನಗಾ?"

 ಅವನು ಸಿಟ್ಟಾಗಲಿಲ್ಲ. ದನಿಯಲ್ಲೂ ಸಿಟ್ಟಿರಲಿಲ್ಲ.

"ನೀವು ಹೇಳ್ತೀರ ಅಂತಾನೇ ನಾನು ಅವತ್ತು ನಿಮ್ಮನ್ನ ಕೇಳಿದ್ದು. ಮಾವ ಹೇಳಿದ್ದು ನಿಜ ಅಂತ ನನಗೆ ಅನ್ನಿಸಿತ್ತು. ಆದರೆ ಆ ಇಬ್ಬರ ಮುಂದೆ ಅವರ ಮಾತನ್ನ ನಾನು ಒಪ್ಪೋ ಹಾಗಿರಲಿಲ್ಲ, ನನ್ನ ಅಪ್ಪನ ಮಗ ನಾನು. ನೀವು ಯಾವ ಕಡೆಯವರೂ ಅಲ್ಲ. ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು, ಅದನ್ನ ಹಿಡ್ಕೊಂಡು ಅವರಿಗೆ ಇಲ್ಲ ಅಂತಿದ್ದೆ."

ಅವನು ದರ್ಜಿಯನ್ನು ಮಾವ ಎಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ನಾನೇನೋ ಹೇಳಲು ಹೋದೆ. ಕ್ಷಮೆ ಕೇಳುವುದಿದ್ದರೂ ಯಾರನ್ನು ಕೇಳುವುದು... ಸಮಾಧಿ ಎಲ್ಲಿದೆ ಎಂದಷ್ಟೇ ಕೇಳಿದೆ. ಸ್ಮಶಾನದ ಹೆಸರು, ಸಾಲಿನ ನಂಬರು ಹೇಳಿದ. ಬರೆದುಕೊಂಡೆ. ಅವನಿಗೆ ಯಾರೋ ಲಾರಿಯವರು ಕರೆದರು, ಫೋನಿಟ್ಟ.

ಆಮ್‌ಸ್ಟರ್‌ಡ್ಯಾಮಿನಿಂದ ಟಿಲ್‌ಬರ್ಗಿಗೆ ರೈಲಿನಲ್ಲಿ ಒಂದೂವರೆ ಗಂಟೆಯೂ ಇಲ್ಲ. ಕೆಲಸದ ಮೇಲೆ ಎರಡು ಸಲ ಆ ಸ್ಟೇಷನ್ ದಾಟಿಕೊಂಡು ಹೋದೆ. ಇಳಿಯಲಿಲ್ಲ.